ಆ ಎಲೆಯದು ಇನ್ನು ಗೊತ್ತಾಗುವುದಿಲ್ಲ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಎಂದು ಪ್ರವಚನ ಶುರು ಮಾಡಿದರೆ ನಿಮಗೆ ತೂಕಡಿಕೆ ಬರುತ್ತದೆ, ನನಗೆ ಗೊತ್ತು. ಇವತ್ತು ಶ್ರೀಮಂತ ಬೇಡ. ಒಂದೂರಲ್ಲಿ ಒಬ್ಬ ವಿಜ್ಞಾನಿ ಇದ್ದ.

ಅವನ ಕೆಲಸ ಏನು? ಎಲೆ ನೋಡುವುದು. ನೋಡಿ, ನಾವು ಈಗ ಎಳೆದುಕೊಳ್ಳುತ್ತಿರುವ ಉಸಿರು ಎಲೆ ಕೊಟ್ಟದ್ದು. ಎಲೆಯೊಳಗೆ ಮ್ಯಾಂಗನೀಸ್ ಎಂಬ ಲೋಹದ ಕಣಗಳು ನಾಲ್ಕು ನಾಲ್ಕಾಗಿ ಕೂತು, ಬಿಸಿಲಿನ ಬಲದಿಂದ ನೀರನ್ನು ಒಡೆದು ಪ್ರಾಣವಾಯು ಬಿಡಿಸುತ್ತವೆ. ಈ ವಿಜ್ಞಾನಿ ಪಾಲಕ್ ಸೊಪ್ಪಿನಿಂದ ಆ ಸತ್ವ ತೆಗೆದು, ಅದರ ಮೇಲೆ ಎಕ್ಸ್-ರೇ ಬಿಟ್ಟು, ಹೊರಬಂದ ಕಿರಣಗಳ ಪಟ್ಟಿಯನ್ನು, ಅಂದರೆ ರೋಹಿತವನ್ನು, ಓದಿ, ಲೋಹ ಯಾವ ಸ್ಥಿತಿಯಲ್ಲಿದೆ ಎಂದು ಹೇಳುತ್ತಿದ್ದ. ಸೊಪ್ಪು ಆರಿಸಿ ಕೊಡುತ್ತಿದ್ದವಳು ಹೆಂಡತಿ.

ಮನೆಗೆ ಬಂದರೂ ಅವನ ಪರೀಕ್ಷೆ ನಿಲ್ಲುತ್ತಿರಲಿಲ್ಲ. ಯಾರ ಫೋನು? ಅಷ್ಟು ಹೊತ್ತು ಏನು ಮಾತು? ಹುಳಿಗೆ ಉಪ್ಪು ಯಾಕೆ ಕಮ್ಮಿ? ಈಗ ಯಾಕೆ ನಕ್ಕೆ? ಬೈಯಲಿಲ್ಲ, ಹೊಡೆಯಲಿಲ್ಲ. ಬರೀ ಪರೀಕ್ಷೆ. ಹನ್ನೆರಡು ವರ್ಷ ಪರೀಕ್ಷೆ. ಅವಳು ಮಾತು ಕಮ್ಮಿ ಮಾಡಿದಳು. ಅವನು ಬಂದವರಿಗೆಲ್ಲ, "ನಮ್ಮನೆಯವಳು ಮೊದ್ಲಿಂದ್ಲೂ ಹಾಗೇ, ಮಾತೇ ಇಲ್ಲ" ಎನ್ನುತ್ತಿದ್ದ.

ಒಂದು ದಿನ ಪ್ರಯೋಗಾಲಯದಲ್ಲಿ ಅವನ ತಪ್ಪು ಅವನಿಗೇ ಸಿಕ್ಕಿತು. ಕಿರಣ ಬಿಟ್ಟ ಮೊದಲ ಕ್ಷಣದ ರೋಹಿತವೇ ಬೇರೆ, ಹತ್ತು ನಿಮಿಷದ ನಂತರದ್ದೇ ಬೇರೆ. ಅವನ ಕಿರಣವೇ ಲೋಹವನ್ನು ಕೆಡಿಸುತ್ತಿತ್ತು. ಎಲೆಯ ಸ್ವಭಾವ ಎಂದು ಇಷ್ಟು ವರ್ಷ ಬರೆದದ್ದೆಲ್ಲ ಅವನೇ ಕೆಡಿಸಿದ್ದರ ವರ್ಣನೆ. ಮನೆಗೆ ಬಂದು ಹೇಳಿದ.

ಅವಳು ಸೊಪ್ಪು ಬಿಡಿಸುತ್ತಲೇ ಕೇಳಿದಳು, "ಹಾಗಾದ್ರೆ ಅದು ಮೊದ್ಲು ಹೇಗಿತ್ತು ಅಂತ ಗೊತ್ತಾಗೋದೇ ಇಲ್ವಾ?"

"ಆ ಎಲೇದು ಇನ್ನು ಗೊತ್ತಾಗಲ್ಲ. ಬೇರೆ ಎಲೆ ತಗೊಂಡು, ಕಿರಣ ಕಮ್ಮಿ ಬಿಟ್ಟು, ಬೇಗ ನೋಡಿ ಮುಗಿಸ್ಬೇಕು."

ಅವಳು ಬಿಡಿಸಿದ ಸೊಪ್ಪನ್ನು ತೊಳೆಯಲು ಒಳಗೆ ಹೋದಳು.

ಆ ವರ್ಷವೇ ಜ್ವರ ಬಂದು ತೀರಿಕೊಂಡಳು. ವೈಕುಂಠ ಸಮಾರಾಧನೆಯ ದಿನ ಊಟಕ್ಕೆ ಕೂತಾಗ ಅವಳ ತಂಗಿ ಕಣ್ಣೊರೆಸಿಕೊಂಡು ಹೇಳಿದಳು, "ಮದ್ವೆಗೆ ಮುಂಚೆ ಅಕ್ಕ ಒಂದು ಗಳಿಗೆ ಸುಮ್ನಿರ್ತಿರ್ಲಿಲ್ಲ ಭಾವ. ಅವಳ ನಗು ಪಕ್ಕದ ಬೀದಿಗೆ ಕೇಳ್ತಿತ್ತು."

ಅವನು ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟ. ಆ ನಗು ಅವನ ಮನೆಗೂ ಬಂದಿತ್ತು. ಯಾಕೆ ನಕ್ಕೆ ಎಂದು ಕೇಳಿದವನು ಅವನೇ. ಈಗ ಬೇರೆ ಎಲೆ ಎಲ್ಲಿಂದ ತರುತ್ತಾನೆ ಹೇಳಿ?

ಗಂಡಸರು ಯಾಕೆ ತಲೆ ತಗ್ಗಿಸಿದಿರಿ? ಅತ್ತೆಯಂದಿರೇ, ನೀವು ಅವರ ಕಡೆ ನೋಡಬೇಡಿ. ನಿಮ್ಮ ಸೊಸೆಯೂ ಬಂದಾಗ ಹೀಗಿರಲಿಲ್ಲ. ಅಪ್ಪ ಅಮ್ಮಂದಿರೇ, ಮಗ ಮಾತೇ ಆಡುವುದಿಲ್ಲ ಎಂದು ನನ್ನ ಹತ್ತಿರ ಬಂದು ಅಳುತ್ತೀರಲ್ಲ, ಅವನ ಬಾಯಿ ಮುಚ್ಚಿಸಿದವರು ಯಾರು? ನನಗೆ ಹೇಳುವಾಗಲೂ ದುಃಖವಾಗುತ್ತದೆ, ಆದರೆ ಹೇಳದೆ ಬಿಡುವುದಿಲ್ಲ.

ಇವತ್ತು ಮನೆಗೆ ಹೋಗಿ. ಬಾಗಿಲು ತೆಗೆದವರಿಗೆ ಪ್ರಶ್ನೆ ಹಾಕಬೇಡಿ. ನಾಲಿಗೆ ತುದಿಗೆ ಬಂದರೂ ನುಂಗಿಕೊಳ್ಳಿ. ಉಪ್ಪು ಕಮ್ಮಿಯಾಗಿದ್ದರೆ ನೀವೇ ಕೈ ಚಾಚಿ ಹಾಕಿಕೊಳ್ಳಿ. ಒಳಗಿನಿಂದ ಯಾರಾದರೂ ನಕ್ಕದ್ದು ಕೇಳಿಸಿದರೆ ಯಾಕೆಂದು ಕೇಳಬೇಡಿ. ನಗಲಿ ಬಿಡಿ.