ತಿಪ್ಪೇಸ್ವಾಮಿಯ ಹಳೆಯ ಮಾಡ್ಯೂಲ್

ಇಷ್ಟು ಹೊತ್ತು ಅಸೂಯೆಯ ಮಾತಾಯಿತು. ಈಗ ಒಂದು ಕತೆ ಕೇಳಿ.

ಒಂದು ಊರಿನ ಧರ್ಮಾಸ್ಪತ್ರೆಯಲ್ಲಿ ತಿಪ್ಪೇಸ್ವಾಮಿ ಎಂಬ ಶ್ರೀಮಂತನಿದ್ದ. ಹೊಲ ಮನೆಯ ಶ್ರೀಮಂತಿಕೆಯಲ್ಲ ತಾಯಂದಿರೇ. ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಅವನಿಗೆ ಗೊತ್ತಿದ್ದ ಒಂದು ಕೆಲಸ ಅಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಅದೇ ಅವನ ಆಸ್ತಿ.

ಏನದು ಕೆಲಸ? ಆ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಕುರ್ಚಿಗಳು ಆರು, ರೋಗಿಗಳು ಎಪ್ಪತ್ತು. ಯಾರ ಪಾಳಿ ಎಷ್ಟು ಹೊತ್ತಿಗೆ ಎಂದು ಜನ ಮನೆಯಲ್ಲೇ ಕುಳಿತು ಫೋನಿನಲ್ಲಿ ನೋಡಿಕೊಳ್ಳುತ್ತಿದ್ದರು. ಹಾಗೆ ಪುಟಗಳನ್ನು ಜನರ ಫೋನಿಗೆ ಕಳಿಸುವ ತಂತ್ರಾಂಶಕ್ಕೆ ವೆಬ್ ಸರ್ವರ್ ಎನ್ನುತ್ತಾರೆ. ಪಾಳಿ ಹಂಚುವ ಬುದ್ಧಿ ಅದಕ್ಕೆ ತಾನಾಗಿ ಇರುವುದಿಲ್ಲ. ಬೇರೆ ತುಂಡಾಗಿ ಬರೆದು ಜೋಡಿಸಬೇಕು. ಆ ತುಂಡಿಗೆ ಮಾಡ್ಯೂಲ್ ಎಂದು ಹೆಸರು. ಹನ್ನೊಂದು ವರ್ಷದ ಹಿಂದೆ ಅದನ್ನು ಬರೆದವನು ತಿಪ್ಪೇಸ್ವಾಮಿ. ದೂರದ ಹಳ್ಳಿಗಳ ಮೊದಲ ಬಸ್ಸು ಬರುವುದೇ ಎಂಟೂವರೆಗೆ ಎಂದು, ಅಲ್ಲಿಯವರಿಗೆ ಬೆಳಗಿನ ಮೊದಲ ಪಾಳಿ ಬೀಳದಂತೆ ನೋಡಿಕೊಂಡಿದ್ದ. ಯಾರೂ ಅವನಿಗೆ ಹೇಳಿರಲಿಲ್ಲ. ಒಳ್ಳೆಯ ಮನುಷ್ಯ. ನೋಡಿ, ಅಸೂಯೆ ಕೆಟ್ಟವರಿಗಷ್ಟೇ ಬರುತ್ತದೆಂದು ತಿಳಿಯಬೇಡಿ.

ಅಲ್ಲಿಗೆ ಜಬೀನಾ ಎಂಬ ಹುಡುಗಿ ಕೆಲಸಕ್ಕೆ ಬಂದಳು. ಆರು ತಿಂಗಳಲ್ಲಿ ಆಸ್ಪತ್ರೆ ತುಂಬ ಅವಳದೇ ಹೆಸರು. ಪ್ರಿಂಟರ್ ಕೆಟ್ಟರೆ ಜಬೀನಾ, ನರ್ಸಿನ ಮಗಳ ಕಾಲೇಜಿನ ಅರ್ಜಿಗೂ ಜಬೀನಾ. ದಿನಕ್ಕೆ ಎಷ್ಟು ಸಲ ಆ ಹೆಸರು ಕೇಳಿಸಿತೆಂದು ತಿಪ್ಪೇಸ್ವಾಮಿ ಎಣಿಸುತ್ತಿದ್ದ. ಅವಳು ಒಮ್ಮೆ ಸೀನಿದರೆ ಮೂವರು ವಿಚಾರಿಸುತ್ತಾರೆ; ತಾನು ವಾರವಿಡೀ ಕೆಮ್ಮಿದರೆ ಕಿಟಕಿ ಹಾಕಿಕೊಳ್ಳಿ ಎನ್ನುತ್ತಾರೆ. ಆಯಾ ಬಸಮ್ಮ ಅವಳ ಟೀಗೆ ಶುಂಠಿ ಜಜ್ಜಿ ಹಾಕುತ್ತಾಳೆ. ತನ್ನ ಟೀಯಲ್ಲೂ ಇದೆಯೇ ಎಂದು ನಾಲಗೆಯಲ್ಲಿ ಹುಡುಕಿದ. ಇತ್ತು. ಒಂದೇ ಪಾತ್ರೆಯ ಟೀ. ಆದರೂ ಅವಳ ಲೋಟದಲ್ಲಿ ಹೆಚ್ಚಿದೆ ಎನ್ನಿಸಿತು. ನಗಬೇಡಿ, ನಾವೂ ಹುಡುಕಿದವರೇ.

ಬೆಳಿಗ್ಗೆ ಬಂದೊಡನೆ ಟೇಬಲ್ ಫ್ಯಾನನ್ನು ಅವನ ಕಡೆ ತಿರುಗಿಸಿ, ಆಮೇಲೆ ತನ್ನ ಜಾಗದಲ್ಲಿ ಕೂರುತ್ತಿದ್ದವಳೂ ಜಬೀನಾಳೇ. ಅದು ಮಾತ್ರ ಅವನ ಎಣಿಕೆಗೆ ಬರಲಿಲ್ಲ.

ಹೀಗಿರುವಾಗ, ಆ ಸರ್ವರಿನಲ್ಲಿ ಕಳ್ಳರು ನುಗ್ಗಬಲ್ಲ ಕಿಂಡಿಯೊಂದಿದೆ, ಹೊಸ ವರ್ಷನ್ ಹಾಕಲೇಬೇಕು ಎಂದು ಗೊತ್ತಾಯಿತು. ದೊಡ್ಡ ಡಾಕ್ಟರಮ್ಮ ಆ ಕೆಲಸವನ್ನು ಎಲ್ಲರ ಎದುರು ಜಬೀನಾಗೆ ಒಪ್ಪಿಸಿದರು. ತಿಪ್ಪೇಸ್ವಾಮಿಯವರಿಗೂ ಕೊಂಚ ವಿಶ್ರಾಂತಿ ಸಿಗಲಿ ಎಂದರು. ಪ್ರೀತಿಯಿಂದಲೇ ಎಂದದ್ದು. ವಿಶ್ರಾಂತಿ ಎಂಬ ಆ ಮಾತು ಅವನ ಹೊಟ್ಟೆಯಲ್ಲಿ ಕೆಂಡದ ಹಾಗೆ ಕೂತಿತು.

ಇಲ್ಲೊಂದು ಸೂಕ್ಷ್ಮವಿದೆ. ಮಾಡ್ಯೂಲ್ ಎಂದರೆ ಅಳತೆ ಕೊಟ್ಟು ಹೊಲಿಸಿದ ರವಿಕೆ ಇದ್ದ ಹಾಗೆ. ನಾವು ಬರೆದ ಮೂಲವನ್ನು, ಅಂದರೆ ಸೋರ್ಸನ್ನು, ಯಂತ್ರಕ್ಕೆ ತಿಳಿಯುವಂತೆ ಕಟ್ಟುವುದನ್ನು ಕಂಪೈಲ್ ಮಾಡುವುದು ಎನ್ನುತ್ತಾರೆ. ಆ ಹೊಲಿಗೆ ಒಂದು ವರ್ಷನ್ನಿನ ಮೈಯಳತೆಗೆ ಮಾತ್ರ. ಸರ್ವರ್ ಬದಲಾಯಿತೋ, ಮೂಲವನ್ನು ತೆಗೆದು ಹೊಸ ಅಳತೆಗೆ ಮತ್ತೆ ಕಂಪೈಲ್ ಮಾಡಬೇಕು. ಇಲ್ಲದಿದ್ದರೆ ಸರ್ವರ್ ಮೇಲೇಳುವುದೇ ಇಲ್ಲ. ಆ ಮೂಲ ಇದ್ದದ್ದು ತಿಪ್ಪೇಸ್ವಾಮಿಯ ಪೆನ್‌ಡ್ರೈವಿನಲ್ಲಿ ಮಾತ್ರ.

ಹೊಸ ವರ್ಷನ್ ಹಾಕುವ ಹಿಂದಿನ ದಿನವೇ ಜಬೀನಾ ಬಂದು ಕೇಳಿದಳು. "ಸರ್, ನಿಮ್ಮ ಮಾಡ್ಯೂಲ್ ಮತ್ತೆ ಕಂಪೈಲ್ ಮಾಡ್ಬೇಕಲ್ವಾ? ಸೋರ್ಸ್ ಎಲ್ಲೂ ಸಿಗ್ತಿಲ್ಲ."

"ಬ್ಯಾಡ ಬಿಡಿ ಮೇಡಂ. ನಾನು ಬರ್ದಿರೋದು ಯಾವ ವರ್ಷನ್‌ಗಾದ್ರೂ ಹಂಗೇ ಕೂರುತ್ತೆ."

"ಗ್ಯಾರಂಟಿನಾ ಸರ್?"

"ಬರ್ದೋನು ನಾನೋ, ನೀವೋ?"

ನೀವೇ ಹೇಳಿದ ಮೇಲೆ ಇನ್ನೇನು ಸರ್ ಎಂದು ಅವಳು ನಂಬಿ ಹೋದಳು. ಕೂರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು. ಅವಳು ಎಲ್ಲರ ಎದುರು ಎಡವಬೇಕು, ಆಮೇಲೆ ತಿಪ್ಪೇಸ್ವಾಮಿ ಎಲ್ಲಿ ಎಂದು ಆಸ್ಪತ್ರೆ ತನ್ನನ್ನು ಕೂಗಬೇಕು. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಬೆಳಿಗ್ಗೆ ಆರಕ್ಕೆ ಜಬೀನಾ ಹೊಸ ವರ್ಷನ್ ಹಾಕಿದಳು. ಈ ಮಾಡ್ಯೂಲ್ ಬೇರೆ ವರ್ಷನ್ನಿನದು ಎಂದು ಸರ್ವರ್ ಒಂದು ಸಾಲು ತೋರಿಸಿ ಸುಮ್ಮನಾಯಿತು. ಹಳೆಯದಕ್ಕೇ ಮರಳೋಣವೆಂದರೆ ಅದರೊಡನೆ ಕಿಂಡಿಯೂ ಮರಳುತ್ತದೆ. ಒಂಬತ್ತಾಗುವಷ್ಟರಲ್ಲಿ ಪಾಳಿ ತಿಳಿಯದ ಜನ ವರಾಂಡ ತುಂಬಿದ್ದರು. ಒಬ್ಬ ಹೆಂಗಸಿನ ಪಾದ ಎಷ್ಟು ಊದಿತ್ತೆಂದರೆ, ಅವಳ ಚಪ್ಪಲಿಯನ್ನು ಗಂಡ ಕೈಯಲ್ಲಿ ಹಿಡಿದು ನಿಂತಿದ್ದ.

ಹಳೆಯ ಮಾಡ್ಯೂಲನ್ನು ಹಾಗೇ ಬಿಡಬಹುದೆಂದು ತೀರ್ಮಾನಿಸಿದ್ದು ಯಾರು ಎಂದು ಡಾಕ್ಟರಮ್ಮ ವರಾಂಡಕ್ಕೇ ಬಂದು ಕೇಳಿದರು. ತಿಪ್ಪೇಸ್ವಾಮಿ ಕಂಪ್ಯೂಟರ್ ಕೋಣೆಯ ಬಾಗಿಲಲ್ಲೇ ಇದ್ದ. ಅವಳು ತನ್ನ ಹೆಸರು ಹೇಳುತ್ತಾಳೆ, ತಾನು ಹಾಗೆ ಹೇಳೇ ಇಲ್ಲ ಎನ್ನಬೇಕು ಎಂದು ಉತ್ತರ ಸಿದ್ಧಮಾಡಿಕೊಂಡಿದ್ದ.

ಜಬೀನಾ ಹೇಳಿದಳು, "ನಂದೇ ತಪ್ಪು ಮೇಡಂ. ಸರ್‌ನ ಸರಿಯಾಗಿ ಕೇಳ್ಕೊಳ್ಳಲಿಲ್ಲ ನಾನು."

ಡಾಕ್ಟರಮ್ಮ ಅವಳನ್ನು ಅಷ್ಟು ಜನರ ಎದುರೇ ಗದರಿದರು. ಆರು ತಿಂಗಳಿಂದ ಅವನು ಕಾದಿದ್ದ ಗಳಿಗೆ. ಒಂದು ಕ್ಷಣ ಸಿಹಿಯಾಯಿತು. ಮರುಕ್ಷಣ, ಇಂಥ ಒಳ್ಳೆಯತನವೂ ಇವಳಿಗೇ ಇರಬೇಕೇ ಎಂದು ಅದಕ್ಕೂ ಹೊಟ್ಟೆ ಉರಿಯಿತು. ನೋಡಿ ಅಸೂಯೆಯ ಪರಿ. ಆ ಉರಿಗೆ ಅವನೇ ಹೆದರಿದ. ತಲೆಯೆತ್ತಿದರೆ ಎದುರಿಗೆ ಆ ಚಪ್ಪಲಿ ಹಿಡಿದವನು. ತಿಪ್ಪೇಸ್ವಾಮಿ ಹೋಗಿ ಪೆನ್‌ಡ್ರೈವ್ ತಂದ.

ತಂದರೂ ಅವನೊಬ್ಬನಿಂದ ಆಗಲಿಲ್ಲ. ಹನ್ನೊಂದು ವರ್ಷದಲ್ಲಿ ಸರ್ವರಿನ ಒಳಗೆ ಎರಡು ಸಂಗತಿ ಬದಲಾಗಿದ್ದವು. ಅವು ಅವಳಿಗೆ ಗೊತ್ತಿದ್ದವು, ಅವನಿಗೆ ಗೊತ್ತಿರಲಿಲ್ಲ. ಅವನು ಬರೆದ ಸಾಲುಗಳ ಅರ್ಥ ಅವನಿಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಒಂದೇ ಪರದೆಯ ಮುಂದೆ ಇಬ್ಬರೂ ಕುಳಿತರು. ನಲವತ್ತು ನಿಮಿಷದಲ್ಲಿ ಮಾಡ್ಯೂಲ್ ಸಿದ್ಧವಾಯಿತು. ಊದಿದ ಪಾದದ ಹೆಂಗಸನ್ನು ಡಾಕ್ಟರಮ್ಮ ಮೊದಲೇ ಒಳಗೆ ಕರೆಸಿಕೊಂಡಿದ್ದರು. ಉಳಿದವರ ಫೋನಿಗೆ ಪಾಳಿ ಬಂತು.

ಮಾಡ್ಯೂಲಿಗೆ ನಲವತ್ತು ನಿಮಿಷ. ಒಂದು ಮಾತು ಹೇಳಲು ಅವನಿಗೆ ಮೂರು ದಿನ ಬೇಕಾಯಿತು. ನಾಲ್ಕನೆಯ ದಿನ ಡಾಕ್ಟರಮ್ಮನ ಕೋಣೆಗೆ ಹೋಗಿ ಹೇಳಿದ, "ಆಕೆ ಕೇಳಿದ್ಲು ಮೇಡಂ. ನಾನೇ ಬ್ಯಾಡ ಅಂದೆ. ಬೇಕು ಅಂತ ಗೊತ್ತಿತ್ತು ನಂಗೆ."

 ಆ ಹುಡುಗಿಯನ್ನು ನಾನು ಗದರಿದ್ದು ವರಾಂಡದಲ್ಲಿ, ಇದನ್ನೂ ಅಲ್ಲೇ ಹೇಳಿ ಎಂದರು ಅವರು. ಅವನು ಅಲ್ಲೇ, ಎಲ್ಲರ ಎದುರು ಹೇಳಿದ.

ಅವನ ಅಸೂಯೆ ಹೋಯಿತೇ? ಇಲ್ಲ. ಮರುದಿನ ಯಾರೋ ಜಬೀನಾ ಎಂದು ಕೂಗಿದಾಗ ಎದೆ ಮತ್ತೆ ಚುರುಕ್ ಎಂದಿತು. ಆದರೆ ಅಷ್ಟರಲ್ಲಿ ಮಾಡ್ಯೂಲಿನ ಮೂಲ ಅವಳ ಕೈಯಲ್ಲೂ ಇತ್ತು.

ಈಗ ನಿಮ್ಮ ಮಾತು. ಸೊಸೆ ಬಂದು, ಅತ್ತೆ, ನಾನು ಮಾಡಿದ ಹೋಳಿಗೆ ಯಾಕೆ ಹರಿಯುತ್ತೆ ಎಂದು ಕೇಳಿದಳು. ಅಭ್ಯಾಸವಾದರೆ ಬರುತ್ತೆ ಬಿಡಮ್ಮ ಎಂದಿರಿ. ಕಣಕ ಎರಡು ಗಂಟೆ ಎಣ್ಣೆಯಲ್ಲಿ ನೆನೆಯಬೇಕೆಂದು ಹೇಳಿದಿರೇ? ಕಚೇರಿಗೆ ಹೊಸಬ ಬಂದ. ಯಾವ ಕಾಗದ ಮೊದಲು ಯಾರ ಮೇಜಿಗೆ ಹೋಗಬೇಕೆಂದು ಗೊತ್ತಿದ್ದೂ, ಅವನು ಅಲೆಯುವುದನ್ನು ನೋಡುತ್ತ ಕುಳಿತಿರಿ. ನಮಗೆ ತಿಳಿದದ್ದೆಲ್ಲ ಹಳೆಯ ಅಳತೆಗೆ ಹೊಲಿದದ್ದು. ಇಂದಿನ ಅಳತೆಗೆ ಅದು ಕೂರಬೇಕಾದರೆ ಹೊಸಬರ ಕೈಯೂ ಬೇಕು. ಕೊಡದೆ ಬಚ್ಚಿಟ್ಟರೆ ಅವರಿಗೂ ಇಲ್ಲ, ನಮಗೂ ಇಲ್ಲ.

ಅಸೂಯೆ ಬಿಡಿ ಎಂದು ನಾನು ಹೇಳುವುದಿಲ್ಲ. ಹೋಗು ಎಂದರೆ ಹೋಗುವ ನೆಂಟನಲ್ಲ ಅದು. ಹೊಟ್ಟೆ ಉರಿಯುತ್ತಿರುವಾಗಲೇ ಇವತ್ತು ಮನೆಗೆ ಹೋಗಿ ಆ ಕಣಕದ ಮಾತು ಹೇಳಿ. ಅವಳ ಹೋಳಿಗೆ ನಿಮ್ಮದಕ್ಕಿಂತ ಚೆನ್ನಾಗಿ ಬರಬಹುದು. ಬರಲಿ. ಬಂದ ದಿನ, ಇನ್ನೊಂದು ಹಾಕಮ್ಮ ಎಂದು ಕೇಳಿ ಹಾಕಿಸಿಕೊಂಡು ಉಣ್ಣಿ.