ಹಿಂದಿನ ಸೀಟಿನ್ಯಾಗ ಯಾರಿದ್ರು

…ಯಾಕ ನಗ್ತಿ? ಲೇ, ನಗಬ್ಯಾಡೋ ಮಾರಾಯಾ, ದವಡಿ ಕಟ್ಯಾರ ನಿಂದು! ಬಾಯಿ ತಗದ್ರ ಮತ್ತ ಬಿಚ್ಚಿ ಕಟ್ಟಬೇಕಾಗ್ತದ ಅಂತ ಡಾಕ್ಟರ್ ಬೈದಾನ. ನಾ ಏನು ನಗಸಾಕ ಹೇಳಾಕತ್ತಿಲ್ಲ. ಖರೇನ… ಮಲಕಪ್ಪ ಸಾವಕಾರನ ಬೀಗರು ಕ್ಯಾಂಪ್ ತುಂಬ ಹೇಳ್ಕೋತ ತಿರಗಾಕತ್ತಾರಂತ. 'ನಮ್ಮ ಹುಡುಗನ ಲಗ್ನದ ಮೆರವಣಿಗಿ ಮ್ಯಾಲ ವಿಮಾನದಿಂದ ಹೂವು ಬಿದ್ವು, ಪುಣೆದಾಗ ಮತ್ಯಾರಿಗೆ ಬಿದ್ದಿದ್ವು?' ಅಂತ. ವಿಮಾನ ಎಲ್ಲಿ ಬಿತ್ತು ಅಂತ ಮಾತ್ರ ಒಬ್ರೂ ಕೇಳಂಗಿಲ್ಲ ನೋಡು!

ಹೂಂ. ಹೋಗ್ಲಿ ಬಿಡು.

ಅಂಬಲಿ ತಂದೀನಿ. ನಿಮ್ಮವ್ವ ಕೊಟ್ಟಾಳ. ಈಗ ಬ್ಯಾಡಾ? ಇಲ್ಲೇ ಇಡ್ತೀನಿ, ಆಮ್ಯಾಲ ನರ್ಸಬಾಯಿ ಕುಡಸ್ತಾಳ. ಡಬರಿ ಹಿಡಕೊಂಡು ರುದ್ರವ್ವಾಯಿ ತಾನ ಬಾಗಲ ತನಕ ಬಂದ್ಳು ಮಾರಾಯಾ. 'ಮುರುಗೆಪ್ಪಾ, ನನ್ನ ಕಾಡಪ್ಪಗ ನೀ ಜೋಡಿ ಇದ್ದಿ, ಅದ ನನಗ ಧೈರ್ಯ' ಅಂದ್ಳು. ನಾ ಅಕಿ ಮುಖಾನ ನೋಡಲಿಲ್ಲ. ಡಬರಿ ಇಸ್ಕೊಂಡು ಬಂದ್ಬಿಟ್ಟೆ.

ನಾಕಕ್ಕ ಸಾಹೇಬ ಬರ್ತಾನಂತ. ವಿಮಾನ ಹ್ಯಾಂಗ ಬಿತ್ತು ಅಂತ ಚೌಕಶಿ ಮಾಡಾಂವ. ಹೆದರಬ್ಯಾಡ… ನೀ ಏನೂ ಮಾತಾಡೂದಿಲ್ಲ. ಅಂವ ಕೇಳ್ತಾನ, ನೀ ತಲಿ ಅಲ್ಲಾಡಸೂದು. 'ಹೌದು', ಇಲ್ಲಾಂದ್ರ 'ಅಲ್ಲ', ಅಷ್ಟ. ಅದಕ್ಕ ಮೊದಲ ನಿನ್ನ ಕೂಡ ಎರಡ ಮಾತು ಆಡೋಣಂತ ಬಂದೆ.

ಒಂದು… ಒಂದು ಸುದ್ದಿ ಅದ. ಮುಂಬೈದಿಂದ ತಾರು ಬಂತು. ಹೂಂ! ಅದ ಹೊಸಾ ವಿಮಾನ ಕಂಪನಿ. ತಗೊಂಡ್ರು ನನ್ನ. ಬಾಜೂಕ ಕುಂಡ್ರೂ ಪೈಲಟ್ ಮೊದ್ಲ, ಆಮ್ಯಾಲ ನೋಡೋಣಂತ. ಸೋಮವಾರ ಹಾಜರಾಗಬೇಕು… ಅಯ್ಯ, ನೋಡು, ಕಣ್ಣು ಹ್ಯಾಂಗ ಅರಳಿಸ್ತೀ! ಖುಷಿ ಪಡಬ್ಯಾಡೋ. ನೀ ಸಿಟ್ಟಾಗಿದ್ರ ನನಗ ಆರಾಮ ಇತ್ತು.

ಅಲ್ಲ, ನೆನಪದ ಇಲ್ಲೋ? ಲೈಸೆನ್ಸ್ ಕೈಯಾಗ ಹಿಡಕೊಂಡು ಎಷ್ಟ ಆಫೀಸ್ ಅಡ್ಡಾಡಿದ್ವಿ ನಾವು! ಎಲ್ಲಾ ಕಡೆ ಒಂದ ಮಾತು, 'ಅನುಭವ ಎಷ್ಟದ? ಎಷ್ಟು ತಾಸು ಹಾರಿಸೀರಿ?' ಯುದ್ಧ ಮುಗದು ಏರ್‌ಫೋರ್ಸಿನ ಮಂದಿ ಹೊರಗ ಬಂದಿದ್ರು, ಬರ್ಮಾದಾಗ ಗುಂಡಿನ ನಡಕ ಹಾರಿಸಿದಾವ್ರು. ಅವರ ಮುಂದ ನಮ್ಮಂಥ ಬಟ್ಟಿ ಅಂಗಡಿಯವರ ಮಕ್ಕಳನ್ನ ಯಾರ ಕೇಳ್ತಾರ? ಕೆಲಸ ಸಿಗಬೇಕಂದ್ರ ಅನುಭವ ಬೇಕು, ಅನುಭವ ಬೇಕಂದ್ರ ಕೆಲಸ ಬೇಕು. ನೀ ಫ್ಲೈಯಿಂಗ್ ಕ್ಲಬ್ಬಿನ ಪಾವಟಿಗಿ ಮ್ಯಾಲ ಕುಂತು ಅತ್ತಿದ್ದಿ. ಇಲ್ಲಂತ ಹೇಳಬ್ಯಾಡ, ಅತ್ತಿದ್ದಿ. ನಾನೂ ಅತ್ತಿದ್ದೆ.

ಆದ್ರ ನಿನಗ ಕ್ಲಬ್ಬಿನವ್ರು ಕರದಿದ್ರಲ್ಲ. ಸಣ್ಣ ಮಾಸ್ತರ್ ಆಗು, ಹೊಸಬರಿಗೆ ಏರಸೂದು ಇಳಸೂದು ಕಲಸು, ಎರಡ ವರ್ಷದಾಗ ತಾಸೂ ತುಂಬ್ತಾವ, ಕೈಯೂ ಕುಂಡ್ರತದ ಅಂತ. ನೀ ಹೂಂ ಅನ್ನಾಂವ ಇದ್ದಿ. ನಾ ಬಿಡಲಿಲ್ಲ. 'ಮಂದಿ ಮಕ್ಕಳನ್ನ ಹತ್ತಸ್ಕೊಂಡು ಎರಡ ವರ್ಷ ಅದ ಮೈದಾನ ಸುತ್ತು ಹೊಡೀತಿಯೇನೋ? ಪುಣೆದಾಗ ಲಗ್ನಾ ಎಷ್ಟು, ಮಠದ ಉತ್ಸವ ಎಷ್ಟು! ವಿಮಾನದಿಂದ ಹೂವು ಚೆಲ್ಲೋಣ. ಒಮ್ಮೆ ನೀ ಹಿಂದ ಕುಂತು ಹಾರಸು, ನಾ ಮುಂದ ಕುಂತು ಚೆಲ್ತೀನಿ. ಮುಂದಿನ ಸಲ ಅದಲು ಬದಲು' ಅಂದೆ. ನಿನ್ನ ಸಲುವಾಗಿ ಹೇಳಾಕತ್ತೀನಿ ಅಂದಿದ್ದೆ. ಸುಳ್ಳದು! ಬುಟ್ಟಿ ಹಿಡ್ಯಾಕ ಒಬ್ಬಾಂವ ಬೇಕಾಗಿದ್ದ ನನಗ. ನೀ ಬರದಿದ್ರ ನನ್ನ ತಾಸು ಎಲ್ಲಿಂದ ತುಂಬತಿದ್ವು?

ಯಾಕ, ಕಣ್ಣು ಮುಚ್ಚಿದಿ? ನೋವೇನು? ಕಾಲಾ? ಕರೀಲೇನು ನರ್ಸಬಾಯಿನ್ನ? …ಬ್ಯಾಡಾ. ಸರಿ.

ಈಗ… ಸಾಹೇಬನ ಮಾತು. ನೋಡು ಕಾಡ್ಯಾ, ಅವತ್ತಿನ ಪಾಳಿ ನಿಂದಿತ್ತು. ಹೌದಲ್ಲೋ? ಕ್ಲಬ್ಬಿನ ಬೋರ್ಡಿನ ಮ್ಯಾಲ ಸೀಮೆಸುಣ್ಣದಾಗ ನಿನ್ನ ಹೆಸರ ಅದ, ಇನ್ನೂ ಒರಸಿಲ್ಲ. ಅಂವ ಕೇಳ್ತಾನ, 'ಹಿಂದಿನ ಸೀಟಿನ್ಯಾಗ ಯಾರಿದ್ರು?' ಅಂತ. ನೀ ಸುಮ್ಮ… ಪಾಳಿ ನಂದಿತ್ತು ಅನ್ನೂಹಂಗ ಒಂದ ಸಲ ತಲಿ ಆಡಸು. ಅಷ್ಟ. ಸುಳ್ಳೂ ಆಗೂದಿಲ್ಲ. ಪಾಳಿ ನಿಂದ ಇತ್ತಲ್ಲ!

ಹಂಗ ಯಾಕ ನೋಡ್ತಿ?

ನಾ ಲೆಕ್ಕಾ ಹಾಕೇ ಹೇಳಾಕತ್ತೀನೋ. ನಿನ್ನ ಕಾಲು ಹಿಂಗಾಗೇದ. ಎಲುಬು ಕೂಡಬಹುದು, ಆದ್ರ ಪೆಡಲ್ ತುಳ್ಯಾಕ ಬರೂದು ಅನುಮಾನ ಅಂತ ಡಾಕ್ಟರ್… ನಿನಗ ಹೇಳಿದ್ದಿಲ್ಲಾ? ಅಯ್ಯೋ, ನನ್ನ ಬಾಯಿಗಿಷ್ಟು ಮಣ್ಣ ಹಾಕ. ಅನುಮಾನ ಅಂದಾನ ಅಷ್ಟ, ಆಗೂದಿಲ್ಲ ಅಂದಿಲ್ಲ. ಆದ್ರೂ… ಇಬ್ಬರದೂ ಹಾಳಾಗೂಕಿಂತ ಒಬ್ಬಾಂವರ… ಸೋಮವಾರದೊಳಗ ನನ್ನ ಲೈಸೆನ್ಸ್ ಮ್ಯಾಲ ಕೆಂಪು ಗೆರಿ ಬಿತ್ತಂದ್ರ ಮುಂಬೈದವರು ಬಾಗಲ್ದಾಗಿಂದ ಹೊರಗ ಹಾಕ್ತಾರ. ಮೊದಲನೇ ಪಗಾರದಾಗ ನಿಮ್ಮವ್ವಗ… ಛೇ. ಏನ ಮಾತಾಡಾಕತ್ತೀನಿ ನಾನು.

ತಪ್ಪು ಹಂಗ ನೋಡಿದ್ರ ಯಾರದೂ ಅಲ್ಲ. ಬೀಗರ ಮನಿದೇವರು ಮೈಲಾರ. ಹೂವಿನ ಜೋಡಿ ಭಂಡಾರನೂ ಹಾರಸ್ರಿ ಅಂದ್ರು. ಜೇಜುರಿದಾಗ ಗುಡ್ಡ ಪೂರ್ತಿ ಹಳದಿ ಆಗೂದಿಲ್ಲೇನು, ಹಂಗ. ನೀ ಬ್ಯಾಡ ಅಂದಿದ್ದಿ. 'ಹೂವಿನ ಮಾತ ಬ್ಯಾರೆ, ಪುಡಿ ಗಾಳ್ಯಾಗ ಹೊಳ್ಳಿ ಬರ್ತದ ಮುರುಗ್ಯಾ' ಅಂದಿ. ನಾನ, 'ಎರಡ ಮುಷ್ಟಿಯಿಂದ ಏನಾಗ್ತದ? ದೇವರ ಅರಿಷಿಣಕ್ಕ ಒಲ್ಲೆ ಅಂತಾರೇನು?' ಅಂತ ಚೀಲಾ ಇಸ್ಕೊಂಡು ನಿನ್ನ ತೊಡಿ ಮ್ಯಾಲ ಇಟ್ಟೆ. ನಾವು ಹೊಲಾ ದಾಟಿ ಪೇಟೆ ಅಂಚಿನ ಮ್ಯಾಲ ಬಂದ್ವಿ, ಕೆಳಗ ಮಂದಿ ಇರಿವಿಗತೆ, ಏಳುಕೋಟಿ ಅಂತ ಮೈಲಾರಗ ಜೈಕಾರ ಕೂಗಾಕತ್ತಿದ್ದು ಕೇಳಲಿಲ್ಲ, ಆದ್ರ ಕೈ ಎತ್ತಿದ್ದು ಕಂಡ್ತು. ಹೂವು ಚೆಲ್ಲಿ ಮುಗಿಸಿ ನೀ ಚೀಲದ ಬಾಯಿ ಬಿಚ್ಚಿದ್ದ ತಡ, ಗಾಳಿ ಅದನ್ನೆಲ್ಲಾ ಎತ್ತಿ ಹಿಂದಕ್ಕ ಒಗೀತು. ಹಿಂದ ಕುಂತಾಂವನ ಕಣ್ಣು, ಮೂಗು, ಬಾಯಿ, ಎಲ್ಲಾ ಅರಿಷಿಣ. ಗಾಳಿ ಕನ್ನಡಕಾನೂ ಹಣಿ ಮ್ಯಾಲ ಸರಸಿದ್ದ, ಬೀಗರಿಗೆ ಮುಖಾ ಕಾಣ್ಲಿ ಅಂತ. ಉರಿ, ಏನ್ ಉರಿಯೋ ಅದು! ತೆರಿಯಾಕ ಬರ್ಲಿಲ್ಲ, ಹೊಲಾ ಎಲ್ಲಿ ಮುಗಿಲು ಎಲ್ಲಿ ತಿಳೀಲಿಲ್ಲ ನನಗ. ನೀ ಮುಂದ ಚೀರಾಕತ್ತಿದ್ದಿ, 'ಎತ್ತು, ಮುರುಗ್ಯಾ, ಎತ್ತು…'

…

ಹೌದಪಾ. ನಾನ ಅದು. ನಿನಗ ಗೊತ್ತಿಲ್ಲದ್ದೇನದ? ಪಾಳಿ ನಿಂದಿದ್ರೂ ಮೈದಾನದಾಗ ಯಾರೂ ಇಲ್ಲದಾಗ ನಿನ್ನ ಕೈ ಹಿಡದು ಬೇಡಿಕೊಂಡೆ. ತಾಸಿನ ಸಲುವಾಗೂ ಅಲ್ಲ, ನನ್ನ ತಾಸು ತುಂಬಿಬಿಟ್ಟಿದ್ವು. ಬೀಗರ ಮುಂದ 'ಹಾರಸಾಂವ ನಾನ' ಅಂತ ಬಡಾಯಿ ಕೊಚ್ಚಿದ್ದೆ, ಅಷ್ಟಕ್ಕ. ನಕ್ಕೋತ ಬಿಟ್ಟಕೊಟ್ಟಿ ನೀ. ಮುಂದಿನ ಸೀಟು ಪೂರ್ತಿ ಜಜ್ಜಿ ಹೋಗಿತ್ತೋ, ಕಾಡ್ಯಾ. ಕಣ್ಣ ಕಾಣಸ್ತಿದ್ದಿಲ್ಲ, ಕೈಲೇ ತಡಕ್ಯಾಡಿ ಜಗ್ಗಿ ಹೊರಗ ತಗದೆ ನಿನ್ನ. ಹೊಲದವರು ಓಡಿ ಬರೂದ್ರಾಗ ಇಬ್ಬರೂ ಜ್ವಾಳದಾಗ ಬಿದ್ದಿದ್ವಿ. ಯಾರು ಯಾವ ಸೀಟಿನ್ಯಾಗ ಇದ್ರು ಅಂತ ನೋಡಿದಾವ್ರು ಒಬ್ರೂ ಇಲ್ಲ.

ಅದಕ್ಕ ಕೇಳಾಕ ಬಂದೆ. ನೀ ಒಲ್ಲೆ ಅಂದ್ರ ಒಲ್ಲೆ. ಖರೇ ಹೇಳ್ತೀನಿ, ಸಾಹೇಬಗ ನಾನ ಹೋಗಿ ಹೇಳ್ತೀನಿ. ಏನ? ಹೂಂ ಅನ್ನು, ಇಲ್ಲಾ ಊಹೂಂ ಅನ್ನು. ಏನರ ಒಂದು ಅನ್ನೋ! ಎಡಗೈ ಆರಾಮ ಅದ ಅಲ್ಲ, ಕೈ ಸನ್ನಿ ಮಾಡು. ಕೊಡಿಲ್ಲೆ ಕೈ, ಚಾದರದಾಗಿಂದ ತಗಿ…

ಇದೇನಿದು, ಹೆಬ್ಬಟ್ಟಿಗೆ ಶಾಯಿ?

ಯಾವಾಗ? …ಸಾಹೇಬ ಬಂದು ಹೋದ್ನಾ? ಮುಂಜಾನೆನ? ಬಲಗೈಗೆ ಪ್ಲಾಸ್ಟರ್ ಅಂತ ಎಡಗೈ ಹೆಬ್ಬಟ್ಟು ಒತ್ತಿಸ್ಕೊಂಡ್ರಾ? ಇಷ್ಟ ಓದಿದಾಂವಗ ಹೆಬ್ಬಟ್ಟು! ಏನಂತ ಒತ್ತಿದಿ? ನಾ ಹಾರಸ್ತಿದ್ದೆ ಅಂತ ಹೇಳಿದ್ಯಾ? ಹೇಳಿದ್ರ ಹೇಳಿದಿ ಬಿಡಪಾ, ನನಗ ಸಿಟ್ಟಿಲ್ಲ. …ಇಲ್ಲಾ? ಹಂಗಾದ್ರ… ನೀನ ಅಂತ? ನೀನ ಹಾರಸ್ತಿದ್ದಿ ಅಂತ ಹೂಂ ಅಂದ್ಯಾ?

ಕಾಡ್ಯಾ! ನಾ ಕೇಳೂಕಿಂತ ಮೊದಲ? ಯಾರ ಹೇಳಿದ್ರು ನಿನಗ ಹಂಗನ್ನಾಕ? ಹೆಬ್ಬಟ್ಟು ನನ್ನ ಕಡೆ ಯಾಕ ಮಾಡ್ತಿ… ಓದಿ ಹೇಳಿದ್ನಾ ಸಾಹೇಬ? ನನ್ನ ಹೇಳಿಕಿ ಓದಿ ಹೇಳಿದ್ನಾ ನಿನಗ?

ಹೌದೋ. ಕೊಟ್ಟೀನಿ. ಬಿದ್ದ ದಿನಾನ ಸಂಜಿಕ್ಕ ಕೊಟ್ಟೀನಿ, 'ಕಾಡಪ್ಪ ಹಾರಸ್ತಿದ್ದ' ಅಂತ. ಇವತ್ತ ಬಂದಿದ್ದು ಕೇಳಾಕಲ್ಲ. ಎಲ್ಲಿ ನೀ ಊಹೂಂ ಅಂದು ನನ್ನ ಸುಳ್ಳು ಹೊರಗ ಬೀಳ್ತದೋ ಅಂತ ಹೆದರಿ ಬಂದೀನಿ. ಅವತ್ತ ನಿನಗ ಎಚ್ಚರ ಇದ್ದಿಲ್ಲ. ಡಾಕ್ಟರ್ ನಿಮ್ಮವ್ವನ್ನ ಒಳಗ ಕರದು, ನಿಮ್ಮ ಮಂದಿನ್ನೆಲ್ಲಾ ಕರಸ್ರಿ ಅಂದಿದ್ದ. ನಾ… ನೀ ಏಳೂದಿಲ್ಲ ಅಂತ ತಿಳಕೊಂಡಿದ್ದೆ. ಹೆಂಗೂ ಹೋಗಾಂವ ಹೋಗ್ತಾನ, ಅವನ ಮ್ಯಾಲ ಹಾಕಿದ್ರ ಯಾರಿಗೇನು ಅಂತ… ಅಕಿ ಅಲ್ಲೇ ವರಾಂಡಾದಾಗ ಎದಿ ಬಡಕೊಂಡು ಅಳಾಕತ್ತಿದ್ಳು, ನಾ ಈ ಕಡೆ ಸಾಹೇಬನ ಮುಂದ ಕುಂತು ಹೇಳಾಕತ್ತಿದ್ದೆ.

ನಿನಗ ಇದೆಲ್ಲಾ ಮುಂಜಾನಿಂದ ಗೊತ್ತಿತ್ತು. ಆದ್ರೂ ನಾ ಬಂದಾಗ ನಕ್ಕಿ.

ಬೈಯೋ. ದವಡಿ ಹರದ್ರ ಹರೀಲಿ, ಬೈದುಬಿಡು ನನಗ… ಅಲ್ಲಾ, ಇರು, ಆ ಕಡೆ ಹೊಳ್ಳಬ್ಯಾಡ. ಕಾಡಪ್ಪಾ… ಕೈ ಯಾಕ ಬಿಡಸ್ಕೊಂಡಿ?