ಬೆಟ್ಟದ ಮೇಲೆ ಉಳಿದ ಸೈತಾನ

ಅಧ್ಯಕ್ಷರ ಕುರ್ಚಿ ತುಂಬಿರುವ ಸಭಾಪಾಲಕರೇ, ಸನ್ಮಾನವೆಂದರೆ ಹಲ್ಲು ಕೀಳಿಸಿಕೊಳ್ಳುವವರಂತೆ ಕೂತಿರುವ ನನ್ನ ಭಾವನವರೇ, ಮುಂದಿನ ಸಾಲಿನಲ್ಲಿ ಗಾಲಿಕುರ್ಚಿಯಲ್ಲಿರುವ ನನ್ನ ಅಕ್ಕಾ, ಸಭಿಕರೇ!

ಈ ದನಿಗೆ ಮೈಕು ಬೇಡ, ಪಕ್ಕಕ್ಕಿಡಿ. ನಾನು ಯಾರು? ನಮ್ಮ ಕ್ರೈಸ್ತ ಸಭೆಯ ನಾಟಕದಲ್ಲಿ ವರ್ಷವರ್ಷವೂ ಸೈತಾನ! ಮಕ್ಕಳು ದಾರಿಯಲ್ಲಿ, 'ಸೈತಾನ್ ಮಾಮಾ, ನಮಸ್ಕಾರ' ಅನ್ನುತ್ತವೆ. ಗಡಿಯಾರ ರಿಪೇರಿಯ ನಮ್ಮ ಭಾವ ಯೇಸು. ಇಂದು ಆ ಪಾತ್ರದಿಂದ ಅವರಿಗೆ ನಿವೃತ್ತಿ. ಅಡವಿಯಲ್ಲಿ ನಾನು ಆಸೆ ತೋರಿಸಬೇಕು, ಬೆಟ್ಟ ಹತ್ತಿಸಿ ಲೋಕದ ರಾಜ್ಯಗಳನ್ನೆಲ್ಲ ಕೊಡುತ್ತೇನೆನ್ನಬೇಕು, ಅವರು ಒಲ್ಲೆನೆನ್ನಬೇಕು. ಸತ್ಯವೇದದಲ್ಲಿ ಇದಕ್ಕೆ ಶೋಧನೆ ಎಂದು ಹೆಸರು. ಶೋಧನೆ! ಹುಡುಕಾಟಕ್ಕೂ ಅದೇ ಮಾತಲ್ಲವೇ? ಹಾಗಾದರೆ ಸೈತಾನ ಹುಡುಕುವುದಾದರೂ ಏನನ್ನು? ನನಗಿದು ತೀರದ ಕುತೂಹಲ.

ಕಳೆದ ವರ್ಷ ನಾಟಕ ಕಂಪನಿಯ ಮಾಲೀಕರೊಬ್ಬರು ಬಣ್ಣದ ಕೋಣೆಗೇ ಬಂದು ಭಾವನ ಕೈ ಹಿಡಿದರು. 'ನಾಯಕನ ಪಾತ್ರ ನಿಮ್ಮದೇ. ನಾಳೆಯೇ ಹೊರಡಿ, ಊರೂರು ಆಟ!' ಹರೆಯದಿಂದ ಕಂಡ ಕನಸು! ಆದರೆ ಲಕ್ವ ಹೊಡೆದ ಅಕ್ಕನಿಗೆ ತುತ್ತು ಉಣಿಸುವವರು ಇವರೇ. 'ಆಟ ಮುಗಿಸಿ ಹೇಳ್ತೀನಿ' ಅಂದರು ಭಾವ. ಮಾಲೀಕರು ನನ್ನತ್ತ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ? ಇರಲಿ, ಸ್ವಲ್ಪ ನೀರು ಕೊಡಿ.

ಪರದೆ ಎದ್ದಿತು. ಬೆಟ್ಟದ ದೃಶ್ಯ. ನನ್ನ ನಾಲಿಗೆ ಸುಮ್ಮನಿರಬೇಕಲ್ಲ! ಲೋಕದ ರಾಜ್ಯಗಳ ಮಾತು ಬಿಟ್ಟು ಗುಡುಗಿದೆ: 'ಅಗೋ, ಊರೂರು ರಂಗಮಂದಿರ! ದೀಪಗಳೆಲ್ಲ ನಿನ್ನ ಮೇಲೆ! ಹ್ಞೂಂ ಅನ್ನು, ಎಲ್ಲವೂ ನಿನ್ನದು!'

ಭಾವ ಮಾತು ಮರೆತರು. ಪಕ್ಕದಿಂದ ಹೇಳಿಕೊಟ್ಟರೂ ಕೇಳಿಸದು. ಬೆವರಿಗೆ ಮುಖದ ಬಣ್ಣ ಇಳಿಯಿತು. ಆಮೇಲೆ ಮೆಲ್ಲಗೆ, 'ಲೋ, ನಿಮ್ಮಕ್ಕನ ಊಟದ ಹೊತ್ತಾಯ್ತು ಕಣೋ' ಅಂದವರೇ ಬೆಟ್ಟ ಇಳಿದು, ರಂಗ ಇಳಿದು, ಯೇಸುವಿನ ನಿಲುವಂಗಿಯಲ್ಲೇ ಮುಂದಿನ ಸಾಲಿನಲ್ಲಿದ್ದ ಅಕ್ಕನ ಎದುರು ಬುತ್ತಿ ಬಿಚ್ಚಿದರು.

ಅಕ್ಕ ತುಂಬಿದ ಬಾಯಲ್ಲಿ ಕೇಳಿದಳು, 'ನಾಟಕ ಮುಗೀತೇನ್ರೀ?'

'ನಂದು ಮುಗೀತು. ಅವನದು ಇನ್ನೂ ನಡೀತಿದೆ.'

ಏನು ಚಪ್ಪಾಳೆ! ಪರದೆ ಎಳೆಯುವವನೂ ಬಾಯಿಬಿಟ್ಟು ಅವರನ್ನೇ ನೋಡುತ್ತಿದ್ದ. ಮಾಲೀಕರು ಎದ್ದು ಹೋದರು. ಬಾಗಿಲವರೆಗೂ ಅವರ ಬೆನ್ನನ್ನೇ ನೋಡುತ್ತ, ಬೆಟ್ಟದ ಮೇಲೆ ಉಳಿದವನು ನಾನೊಬ್ಬನೇ.

ಮರುದಿನ ಅವರ ಅಂಗಡಿಗೆ ಹೋಗಿ ತಡೆಯಲಾರದೆ ಕೇಳಿದೆ, 'ಆಸೆ ಆಗಲೇ ಇಲ್ವಾ ಭಾವ?'

ಭಾವ ಕಣ್ಣಿನ ಭೂತಗನ್ನಡಿ ತೆಗೆಯಲಿಲ್ಲ. 'ಆಗಿತ್ತು. ಈಗಲೂ ಇದೆ. ಬೆಳಿಗ್ಗೆ ಪ್ರಾರ್ಥನೆಯಲ್ಲಿ ಅದನ್ನೇ ಹೇಳಿಕೊಂಡೆ. ಆಮೇಲೆ ಅಂಗಡಿ ತೆಗೆದೆ.'

ಇಷ್ಟೇ ಸಭಿಕರೇ! ಇಷ್ಟು ಹೊತ್ತು ಸೈತಾನನಿಗೆ ಕಿವಿಗೊಟ್ಟಿರಿ, ಕೃತಜ್ಞತೆಗಳು. ಭಾವ, ನೀವು ಏಳಬೇಡಿ. ಅಕ್ಕನ ಊಟದ ಹೊತ್ತಾಯ್ತು. ಇವತ್ತು ಬುತ್ತಿ ಬಿಚ್ಚುವವನು ನಾನು. ಇಳಿದು ಬರುತ್ತಿದ್ದೇನೆ. ನಮಸ್ಕಾರ.